ಹನ್ನೆರಡನೇ ಅಧ್ಯಾಯ

ಎಸ್ಕೆಲ್ ಊರಿನ ಪುಸ್ತಕಾಲಯದಲ್ಲಿ
ದೋನ್ಯಾ ಎಲ್ವೀರಾ ಕನ್ನಡಕ ಹಣೆಗೇರಿಸಿ ಕೇಳಿದಳು:
ಹುಡುಗರಿಗೆ ವಯಸ್ಸೆಷ್ಟು?
ಚಿಕ್ಕವನಿಗೆ ಹತ್ತು, ದೊಡ್ಡವನಿಗೆ ಹನ್ನೆರಡು, ಅಂದೆ.
ನಿಮ್ಮವರೇ?
ಉಣ್ಣೆ ಮೂಟೆ ಹೊತ್ತು ಪಳಗಿದ ಹೆಗಲು
ಅಷ್ಟಕ್ಕೇ ಒಂಚೂರು ಬಾಗಿತು.
ಅವರಮ್ಮ ನನ್ನವಳು, ಅಂದೆ.
ಮೇ ತಿಂಗಳಿಂದ.

ನೀತಿ ಹೇಳುವ ಪುಸ್ತಕ ಬೇಡ.
ಕೊನೆಯಲ್ಲಿ ಎಲ್ಲರೂ ಒಳ್ಳೆಯವರಾಗುವುದಂತೂ ಬೇಡವೇ ಬೇಡ.
ಹೋದ ವಾರ ಒಯ್ದಿದ್ದೆನಲ್ಲ,
ಹಲ್ಲುಜ್ಜಲೊಲ್ಲದ ರಾಜಕುಮಾರನದು,
ದೊಡ್ಡವನು ಎರಡು ಪುಟ ಕೇಳಿ ಎದ್ದುಹೋಗಿ
ನಿಜಕ್ಕೂ ಹಲ್ಲುಜ್ಜಿಕೊಂಡು ಮಲಗಿಬಿಟ್ಟ.

ನಗು ಬರಬೇಕು. ಎಲ್ಲಾದರೂ ಒಂದು ಹೂಸಿದ್ದರೆ ಇನ್ನೂ ಒಳ್ಳೆಯದು.
(ಆಕೆ ಕೆಮ್ಮಿದಳು, ಆದರೆ ಬರೆದುಕೊಂಡಳು.)
ಅಧ್ಯಾಯ ಗಿಡ್ಡಗಿರಲಿ;
ಕುರಿಯ ಮೈ ಬೋಳಿಸುವಷ್ಟು ಚುರುಕಾಗಿ ನಾನು ಓದಲಾರೆ,
ಉದ್ದ ಪದ ಎದುರಾದರೆ
ಜಲ್ಲಿ ದಾರಿಯ ಏರಿನಲ್ಲಿ ಲಾರಿಯ ಗೇರು ಇಳಿಸಿದಂತೆ
ಮೊದಲಕ್ಷರಕ್ಕೆ ಇಳಿದು ಮತ್ತೆ ಹತ್ತುತ್ತೇನೆ.
ಇನ್ನೊಂದು ಮಾತು, ಅವರಮ್ಮನೂ ಕೇಳುತ್ತಾಳೆ,
ನಮಗೆ ಬೆನ್ನು ಕೊಟ್ಟು ಪಾತ್ರೆ ತೊಳೆಯುತ್ತ.
ಭುಜ ಕುಲುಕಿದರೆ ನಕ್ಕಳೆಂದು ಲೆಕ್ಕ.

ಮೂರು ಕೊಟ್ಟಳು.
ಲಾರಿಯಲ್ಲಿ ಕೂತು, ಕಿಟಕಿ ಏರಿಸಿ,
ಮೂರರದೂ ಮೊದಲ ಪುಟ ಗಟ್ಟಿಯಾಗಿ ಓದಿ ನೋಡಿದೆ.
ಒಂದರಲ್ಲಿ ಸಾಲು ಸಾಲೂ ಮುಳ್ಳುತಂತಿ.
ಒಂದು ಹಲ್ಲಿಗಂಟುವ ಮಿಠಾಯಿ.
ಮೂರನೆಯದರಲ್ಲಿ ಹಡಗಿನ ಅಡುಗೆಯವನೊಬ್ಬ,
ಕಟ್ಟಿಸಿದ ಹಲ್ಲನ್ನು ಸೂಪಿನ ಹಂಡೆಯಲ್ಲಿ ಕಳಕೊಂಡವನು;
ಅವನಿಗೊಂದು ಮೂರು ಕಾಲಿನ ನಾಯಿ.
ಒಬ್ಬನೇ ನಕ್ಕೆ.
ಪಕ್ಕದ ಪಿಕಪ್ಪಿನ ಮುದುಕ ತನ್ನ ಕಿಟಕಿ ಇಳಿಸಿ
ಆರೋಗ್ಯ ತಾನೇ, ಎಂದು ವಿಚಾರಿಸಿದ.

ರಾತ್ರಿ ಗಾಳಿ ಹೊಗೆಕೊಳವೆಗೆ ಬಾಯಿಟ್ಟು ಊದುತ್ತದೆ ಇಲ್ಲಿ,
ಅದಕ್ಕಿಂತ ಜೋರಾಗಿ ಓದಬೇಕು.
ಬ್ರೂನೊ ನನ್ನ ಮೊಣಕೈಗೆ ಒರಗಿದ.
ನಾಯಿಯ ದನಿ ತನ್ನದು ಎಂದವನೇ
ನಾಯಿ ಇಲ್ಲದ ಕಡೆಯಲ್ಲೆಲ್ಲ ಬೊಗಳಿದ.
ಎಮ್ಲಿನ್ ಬಾಗಿಲಾಚೆ, ತೊಡೆಯ ಮೇಲೆ ಸೈಕಲ್ ಚೈನು.
ನಾನು ದೊಡ್ಡವ, ಇದೆಲ್ಲ ಅವನಿಗೆ, ಅಂದ.
ಸರಿ, ಚೈನಿಗೆ ಎಣ್ಣೆ ಹಚ್ಚು, ಅಂದೆ.
ಏಳು ರಾತ್ರಿ ಹಚ್ಚಿದ.
ಪಟಗೋನಿಯಾದಲ್ಲೆಲ್ಲ ಅಂಥ ನುಣುಪು ಚೈನು ಇನ್ನೊಂದಿರಲಿಕ್ಕಿಲ್ಲ.
ಕ್ಯಾಪ್ಟನ್ನನ ಬೂಟಿನೊಳಗೆ ಹಲ್ಲುಸೆಟ್ಟು ಸಿಕ್ಕ ಹೊತ್ತು
ಬಾಗಿಲಾಚೆ ಮೂಗಿನಿಂದ ನಗುವೊಂದು ತಪ್ಪಿಸಿಕೊಂಡಿತು;
ಕೆಮ್ಮು, ಅಂದ. ಗಾಳಿಗೆ.

ಹನ್ನೆರಡನೇ ಅಧ್ಯಾಯದ ರಾತ್ರಿ
ಪುಟ ತಿರುವಿದರೆ ತಿರುಗಲಿಲ್ಲ.
ಆರು ಪುಟ ಸೇರಿಸಿ ಒಂದು ಕ್ಲಿಪ್ಪು,
ಮೂಲೆಯಲ್ಲಿ ಕಪ್ಪು ಹೆಬ್ಬೆರಳು, ಚೈನಿನ ಎಣ್ಣೆಯದು.
ತಲೆಯೆತ್ತಿದೆ.
ಬಾಗಿಲಲ್ಲಿ ಅವನು ತಲೆಯಾಡಿಸಿದ: ಬೇಡ.
ಕಣ್ಣು ಬ್ರೂನೊ ಕಡೆ ಹೋಯಿತು,
ಆಮೇಲೆ ಪಾತ್ರೆ ತೊಳೆಯುವ ಬೆನ್ನಿನ ಕಡೆ.

ನೇರ ಹದಿಮೂರಕ್ಕೆ ಹಾರಿದೆ.
ನಾಯಿ ಎಲ್ಲಿ? ಬ್ರೂನೊ ಕೇಳಿದ, ಬೊಗಳಲು ಕಾದು ಕಾದು.
ನನ್ನ ಬಾಯಿ ಒಣಗಿತು.
ದ್ವೀಪದಲ್ಲಿ ಇಳೀತು ಕಣೋ, ಅಂದ ಎಮ್ಲಿನ್ ಆಚೆಯಿಂದ,
ಅಲ್ಲಿ ಮೊಲ ಜಾಸ್ತಿ.
ಹೌದು, ಅಂದೆ. ಚೀಸಿನ ಗೋದಾಮೂ ಇದೆ, ಕಾಯೋಕೆ ಯಾರೂ ಇಲ್ಲ.
ಆಮೇಲಿನ ನಾಲ್ಕು ರಾತ್ರಿ
ದ್ವೀಪದಿಂದ ಕಾಗದ ಬರುತ್ತಿದ್ದವು,
ಒಂದು ನಾನು ಹೇಳಿದರೆ ಒಂದು ಅವನು.

ಎಲ್ಲರೂ ಮಲಗಿದ ಮೇಲೆ ಒಮ್ಮೆ
ಕ್ಲಿಪ್ಪು ಬಿಚ್ಚಿ ನಾನೊಬ್ಬನೇ ಓದಿದೆ.
ಪುಟಕ್ಕೊಂದು ಎಣ್ಣೆ ಗುರುತು.
ಕೊನೆಯ ಸಾಲಿನ ಪಕ್ಕ ಮಾತ್ರ ಗುರುತು ದೊಡ್ಡದು,
ಬೆರಳು ಅಲ್ಲಿ ಬಹಳ ಹೊತ್ತು ನಿಂತಿತ್ತು.
ಮತ್ತೆ ಕ್ಲಿಪ್ಪು ಹಾಕಿದೆ.

ಶನಿವಾರ ಲಾರಿಯ ಎಡಬದಿ ಹತ್ತಿದವರು
ಉಣ್ಣೆಯ ವ್ಯಾಪಾರಿಗಳಲ್ಲ.
ಕಿಟಕಿ ಏರಿಸಿ, ಗಟ್ಟಿಯಾಗಿ ಓದು, ಅಂದೆ.
ಓದಿದ. ನನಗಿಂತ ಚೆನ್ನಾಗಿ.
ಇದರಲ್ಲಿ ಕುದುರೆ ಇದೆ, ಅಂದ,
ಅಂದವನು ತುಸು ನಿಂತು
ಕೊನೆಯ ಪುಟ ತೆರೆದ.